ಮೂರನೇ ಸಾಲಿನ ಪಾತಾಳ

"ಮತ್ತೆ ಮುಂದೆ ಓಡ್ಬಿಟ್ಯಲ್ಲಮ್ಮ!" ಎಂದು ಹಿರಿಯ ಗಿಟಾರ್ ವಾದಕ ತಂತಿಗಳ ಮೇಲೆ ಅಂಗೈ ಒತ್ತಿದ. ರೆಕಾರ್ಡಿಂಗ್ ಕೋಣೆಯಲ್ಲಿ ಹಾಡು ಅರ್ಧಕ್ಕೇ ನಿಂತಿತು.

ಗಾಯಕಿ ಹೆಡ್‌ಫೋನ್ ಕಿತ್ತು ಕತ್ತಿಗೆ ಇಳಿಸಿಕೊಂಡಳು. ಈ ತಂಡದ ಜೊತೆ ಅವಳಿಗಿದು ಎರಡನೇ ಆಲ್ಬಂ. ಆದರೂ ಎಲ್ಲರ ಬಾಯಲ್ಲಿ ಅವಳಿನ್ನೂ 'ಹೊಸಬಳು'. ಅವರು ನುಡಿಸುವ ಡೂಮ್ ಮೆಟಲ್ ಎಂಬ ರಾಕ್ ಮೊದಲೇ ಹೆಣ ಹೊತ್ತವರ ನಡಿಗೆಯಷ್ಟು ನಿಧಾನದ ಸಂಗೀತ; ಅದರಲ್ಲೂ ಈ ಹಳೇ ಹುಲಿಗಳು ಪ್ರತಿ ಮೂರನೇ ಸಾಲಾದ ಮೇಲೆ ಧುತ್ತೆಂದು ನಿಂತುಬಿಡುತ್ತಿದ್ದರು. ಅಭಿಮಾನಿಗಳು ಆ ಮೌನಕ್ಕೆ 'ಪಾತಾಳ' ಎಂದು ಹೆಸರಿಟ್ಟು ಕೊಂಡಾಡುತ್ತಿದ್ದರು. ಎಲ್ಲರೂ 'ಗುಡುಗು' ಎನ್ನುತ್ತಿದ್ದ ಹಿಂದಿನ ಗಾಯಕ ತಂಡ ಬಿಡುವಾಗ ಉಳಿಸಿಹೋದ ಆಸ್ತಿ ಅದು.

"ಅಲ್ಲಣ್ಣಾ, ಎಷ್ಟು ಹೊತ್ತು ನಿಲ್ಬೇಕು ಅಂತಾದ್ರೂ ಹೇಳಿ. ನೀವು ಒಂದೊಂದ್ಸಲ ಒಂದೊಂದ್ ಥರ ನಿಲ್ತೀರ."

"ಅದೆಲ್ಲ ಹೇಳಿಕೊಟ್ರೆ ಬರೋದಲ್ಲಮ್ಮ," ಎಂದ ಡ್ರಮ್ಮರ್. "ಒಳಗಿಂದ ಬರ್ಬೇಕು. ಗುಡುಗಿಗೆ ಬರ್ತಿತ್ತು."

ಈ ಮಾತು ಕೇಳಿ ಕೇಳಿ ಅವಳಿಗೆ ರೋಸಿಹೋಗಿತ್ತು. ಕಣ್ಣೂ ತುಂಬಿತು. "ಹಾಗಾದ್ರೆ ಅವರನ್ನೇ ಕೇಳಿ. ಅವರು ಹೇಳಿಕೊಟ್ಟೂ ನಂಗೆ ಬರ್ಲಿಲ್ಲ ಅಂದ್ರೆ, ಇವತ್ತೇ ನಿಮ್ಮ ತಂಡ ಬಿಟ್ಟು ಹೋಗ್ತೀನಿ."

ಗಿಟಾರಿನವನು ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. "ಲೋ ಗುಡುಗು, ಆ ಪಾತಾಳ ಇತ್ತಲ್ಲ, ಅದನ್ನ ಹೇಗೋ ಅಳೀತಿದ್ದೆ?"

"ಯಾವ ಪಾತಾಳನೋ?"

"ಅದೇ ಕಣೋ, ಮೂರನೇ ಸಾಲಾದ್ಮೇಲೆ ನಿಲ್ತಿದ್ಯಲ್ಲ."

ಆ ಕಡೆಯಿಂದ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ಅಡಗಲು ಹೊತ್ತು ಹಿಡಿಯಿತು. "ಅಯ್ಯೋ ಪೆದ್ದುಗಳಾ, ನಂಗೆ ದಮ್ಮು ಕಣ್ರೋ! ಶುರುವಿಂದ್ಲೂ ಇತ್ತು. ಮೂರು ಸಾಲಿಗೇ ಉಸಿರು ಖಾಲಿ. ಹೇಳಿದ್ರೆ ಎಲ್ಲಿ ಕೈಬಿಡ್ತೀರೋ ಅಂತ ಹೆದರಿ ಸುಮ್ನಿದ್ದೆ. ನಾನು ನಿಂತಾಗ ನೀವೂ ನಿಂತ್ರಿ. ಸದ್ಯ, ಬದುಕ್ಕೊಂಡೆ."

ಫೋನ್ ಇಟ್ಟ ಮೇಲೆ ಯಾರಿಗೂ ಯಾರ ಮುಖ ನೋಡಲೂ ಆಗಲಿಲ್ಲ.

"ಇಷ್ಟು ವರ್ಷ ಡೂಮ್ ಡೂಮ್ ಅಂತ ಮೆರೆದ್ವಲ್ಲೋ," ಎಂದು ಡ್ರಮ್ಮರ್ ನಗಲು ಹೋಗಿ ಕಣ್ಣೊರೆಸಿಕೊಂಡ. "ಅದು ಅವನ ದಮ್ಮಾ!"

ಗಿಟಾರಿನವನು ಅವಳ ಕಡೆ ತಿರುಗಿದ. ಅವನ ದನಿಯಲ್ಲಿ ನಾಚಿಕೆಯಿತ್ತು. "ಹೋಗ್ಲಿ ಬಿಡಮ್ಮ. ನಿಂಗೇನು, ಗಟ್ಟಿ ಉಸಿರಿದೆ. ಇನ್ಮೇಲೆ ಅಲ್ಲಿ ನಿಲ್ಲೋದು ಬೇಡ. ಒಂದೇ ಓಟಕ್ಕೆ ಹಾಡ್ಕೊಂಡು ಹೋಗು."

ಅವಳು ಹೆಡ್‌ಫೋನ್ ಏರಿಸಿಕೊಳ್ಳಲಿಲ್ಲ.

"ನಿಂತಿದ್ದು ತಪ್ಪು ಅಂತ ನಾನೆಲ್ಲಿ ಅಂದೆ ಅಣ್ಣಾ? ಅವರು ಬಾಯಿಬಿಟ್ಟು ಕೇಳ್ದೇ ಇದ್ರೂ ಅವರ ಉಸಿರಿಗೆ ನೀವು ಕಾದ್ರಿ," ಎಂದಳು. "ನಾನು ಎಲ್ಲಿ ಉಸಿರು ತಗೋತೀನಿ ಅಂತ ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾ?"