ಚನ್ನಮಲ್ಲಮ್ಮನವರ ವೈವಾ

ಪ್ರಶ್ನೆ ಕೇಳಿಸಿತು, ಅರ್ಥವೂ ಆಯಿತು, ಉತ್ತರ ಮಾತ್ರ ಲೋಹಿತಾಳ ಗಂಟಲಲ್ಲೇ ಕೂತುಬಿಟ್ಟಿತು. ಸ್ಪೇನ್ ದೇಶದ ತಮ್ಮ ಮನೆಯಲ್ಲಿ ಕೂತಿದ್ದ ಪ್ರೊಫೆಸರ್ ಪಿಲಾರ್ ಫೋನಿನ ಪರದೆಯಲ್ಲಿ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಕೇಳಿದರು: ನಿಮ್ಮ ಪಠ್ಯದಲ್ಲಿರುವ ಹಳೆಯ ಸ್ಪ್ಯಾನಿಷ್ ಕವಿಗಳು ಸಾವನ್ನು ಹೇಗೆ ಕಂಡಿದ್ದಾರೆ? ಎಂ.ಎ. ಸ್ಪ್ಯಾನಿಷಿನ ಮೌಖಿಕ ಪರೀಕ್ಷೆ ಅದು. ಹೋದ ಸಲ ಲೋಹಿತಾ ಇದರಲ್ಲೇ ಡುಮ್ಕಿ ಹೊಡೆದಿದ್ದಳು. ಈ ಸಲವೂ ಹೋದರೆ ಆ ಭಾಷೆಗೆ ಎಳ್ಳುನೀರು ಬಿಟ್ಟು ತುಮಕೂರಿನಲ್ಲಿ ಬಿ.ಎಡ್.ಗೆ ಸೇರತಕ್ಕದ್ದು ಎಂದು ಅಪ್ಪ ನಾಗಭೂಷಣ್ ಅಪ್ಪಣೆ ಹೊರಡಿಸಿಯಾಗಿತ್ತು.

ಕೋಣೆಯಲ್ಲಿ ಬೇರೆ ಯಾರೂ ಇರಕೂಡದು ಎಂಬುದು ಪರೀಕ್ಷೆಯ ಕಟ್ಟುನಿಟ್ಟು. ಆದರೆ ಪರೀಕ್ಷೆ ಬಂದದ್ದು ಅವಳು ಸಂಕ್ರಾಂತಿ ರಜಕ್ಕೆ ಅಜ್ಜಿಯ ಊರಾದ ಕೊಳಾಲಕ್ಕೆ ಬಂದಿದ್ದಾಗ. ಆ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಡುಗೆಮನೆಯ ಕಿಟಕಿಯ ಹತ್ತಿರ ಮಾತ್ರ, ಆ ಕಿಟಕಿಯ ಬುಡವೋ ಅಜ್ಜಿ ಚನ್ನಮಲ್ಲಮ್ಮನವರ ಖಾಸಾ ಜಾಗ. “ನಾನ್ಯಾಕೆ ಏಳ್ಲಿ? ಬಾಯ್ ಬುಟ್ರೆ ಕೇಳು” ಎಂದು ಭರವಸೆ ಕೊಟ್ಟು, ಕ್ಯಾಮೆರಾಗೆ ಕಾಣದಂತೆ ಫೋನಿನ ಹಿಂದೆ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತ ಕೂತಿದ್ದರು. ಅಷ್ಟು ಹೊತ್ತೂ ಕೊಟ್ಟ ಮಾತಿಗೆ ತಪ್ಪಿರಲಿಲ್ಲ, ಪಾಪ. ಆದರೆ ಮೊಮ್ಮಗಳ ಮುಖ ಬಿಳಿಚಿಕೊಂಡರೆ ಯಾವ ಅಜ್ಜಿ ತಾನೇ ಸುಮ್ಮನಿದ್ದಾಳು?

“ಏನಂತೆ ಕಣೇ? ಏನ್ ಕೇಳಿದ್ರು?”

“ಸಾವಿನ ವಿಷ್ಯ. ಸುಮ್ನಿರಜ್ಜಿ” ಎಂದು ಲೋಹಿತಾ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದಳು.

ಅಜ್ಜಿಯ ಕೈಯಲ್ಲಿದ್ದ ಅವರೆಕಾಯಿ ಮೊರಕ್ಕೆ ಬಿತ್ತು. ಉಣ್ಣುವ ಹೊತ್ತಿನಲ್ಲಿ ದನಿಯಲ್ಲೇ ವಯಸ್ಸಾದವಳೆಂದು ತಿಳಿಯುವ ಆ ಹೆಂಗಸು ಸುಮ್ಮಸುಮ್ಮನೆ ಸಾವಿನ ಮಾತೆತ್ತುತ್ತಾಳೆಯೇ? ಮನೆಯಲ್ಲಿ ಏನೋ ಆಗಿರಲೇಬೇಕು. ಸೊಂಟ ಹಿಡಿದುಕೊಂಡು ಎದ್ದವರೇ, ವಿಭೂತಿ ಹಚ್ಚಿದ ಹಣೆ ಪರದೆ ತುಂಬುವಷ್ಟು ಹತ್ತಿರಕ್ಕೆ ಬಗ್ಗಿದರು. “ಅಯ್ಯೋ ತಾಯಿ, ಯಾರವ್ವ ಹೋದ್ರು ನಿಮ್ಮನೇಲಿ?”

ಮುಗಿಯಿತು, ಬಿ.ಎಡ್. ಗ್ಯಾರಂಟಿ ಎಂದುಕೊಂಡಳು ಲೋಹಿತಾ. ಪಿಲಾರ್ ಹುಬ್ಬೇರಿಸಿದರು. ಇವರು ಯಾರು, ಏನು ಹೇಳುತ್ತಿದ್ದಾರೆ ಎಂದು ಸ್ಪ್ಯಾನಿಷಿನಲ್ಲಿ ವಿಚಾರಿಸಿದರು. ಏನಾದರೊಂದು ಸುಳ್ಳು ಹೇಳೋಣವೆಂದರೆ ಆ ಗಾಬರಿಯಲ್ಲಿ ಸುಳ್ಳಿಗೆ ಬೇಕಾದ ಸ್ಪ್ಯಾನಿಷ್ ಕೂಡ ಹೊಳೆಯಲಿಲ್ಲ. ಲೋಹಿತಾ ಇದ್ದದ್ದನ್ನು ಇದ್ದಹಾಗೆ ಒಪ್ಪಿಸಿದಳು. ಇವರು ನನ್ನ ಅಜ್ಜಿ, ನಿಮ್ಮ ಮನೆಯಲ್ಲಿ ಯಾರು ತೀರಿಹೋದರು ಎಂದು ಕೇಳುತ್ತಿದ್ದಾರೆ.

ಪಿಲಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ ತಮ್ಮ ಭಾಷೆಯಲ್ಲೇ ಹೇಳಿದರು: “ನನ್ನ ಗಂಡ. ಹೋದ ವರ್ಷ. ಈಗ ಇಲ್ಲಿ ಯಾರೂ ಅದನ್ನು ಕೇಳುವುದಿಲ್ಲ.”

ಅದನ್ನು ಕನ್ನಡಕ್ಕೆ ತಿರುಗಿಸುತ್ತ ಲೋಹಿತಾ ಮೊದಲ ಸಲ ಪಿಲಾರ್ ಮುಖವನ್ನು ಸರಿಯಾಗಿ ನೋಡಿದಳು. ಇಷ್ಟು ಹೊತ್ತು ಆ ಮುಖವನ್ನು ಕಂಡು ಹೆದರಿದ್ದೇ ಬಂತು, ಅದು ಇಷ್ಟು ಬಳಲಿದೆ ಎಂದು ಅವಳು ಗಮನಿಸಿಯೇ ಇರಲಿಲ್ಲ. ಅಜ್ಜಿ ಮೊರವನ್ನು ಪಕ್ಕಕ್ಕೆ ತಳ್ಳಿ ಫೋನಿನ ಮುಂದೆ ಚಕ್ಕಂಬಕ್ಕಲ ಹಾಕಿ ಕೂತೇಬಿಟ್ಟರು.

“ನಮ್ಮೋರು ಲಿಂಗೈಕ್ಯರಾಗಿ ಆರು ವರ್ಷ ಆಯ್ತು ಅಂತ ಹೇಳಮ್ಮ. ನಮ್ಮಲ್ಲಿ ಮಲಗ್ಸಕಿಲ್ಲ, ಕೂರ್ಸೇ ಮಣ್ಣು ಮಾಡಾದು ಅಂತ್ಲೂ ಹೇಳು.”

ಕೂರಿಸಿಯೇ? ಪಿಲಾರ್ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಯಾಕೆ?

“ಲಿಂಗ ಕೈಯಾಗಿಟ್ಟು ಪೂಜೆಗೆ ಕೂತಂಗೆ ಕಳಿಸ್ಕೊಡ್ತೀವಿ, ಅದು ನಮ್ಮ ಪದ್ಧತಿ. ನಮ್ಮೋರಿಗಂತೂ ಒಳ್ಳೇದೇ ಆಯ್ತು ಬುಡು. ಬದುಕಿರೋ ತಂಕ ಹೊಲ, ಸಂತೆ, ಪಂಚಾಯ್ತಿ ಅಂತ ಒಂದ್ ಗಳಿಗೆ ಕೂತೋರಲ್ಲ ಪುಣ್ಯಾತ್ಮ. ಹೋದ್ಮೇಲಾದ್ರೂ ಕೂತ್ಕಳ್ಳಿ.”

ಲೋಹಿತಾಳ ನಾಲಿಗೆ ಯಾವಾಗ ಸಡಿಲವಾಯಿತೋ ಅವಳಿಗೇ ತಿಳಿಯದು. ಅಜ್ಜಿಯ ಹೊಲ, ಸಂತೆ, ಪಂಚಾಯಿತಿ ಎಲ್ಲ ಒಂದೇ ಉಸಿರಿಗೆ ಸ್ಪ್ಯಾನಿಷಾಗಿ ಹೊರಬಂದವು. ತಡವರಿಕೆ ಇಲ್ಲ, ತಲೆ ಕೆರೆದುಕೊಳ್ಳುವುದೂ ಇಲ್ಲ. ಪಿಲಾರ್ ಮೊದಲು ಬಾಯಿಗೆ ಕೈ ಅಡ್ಡ ಹಿಡಿದರು, ಆಮೇಲೆ ಕೈಯನ್ನೂ ಬಿಟ್ಟು ನಕ್ಕರು. ನಗುನಗುತ್ತಲೇ ಕಣ್ಣೊರೆಸಿಕೊಂಡರು. “ನಮ್ಮವರದು ತದ್ವಿರುದ್ಧ ಎಂದು ಹೇಳು. ನಿವೃತ್ತರಾದ ಮೇಲೆ ಟಿ.ವಿ. ಮುಂದಿನ ಕುರ್ಚಿ ಬಿಟ್ಟು ಎದ್ದವರೇ ಅಲ್ಲ. ಅವರನ್ನು ಅಲ್ಲಿಂದ ಎಬ್ಬಿಸಿ ಮಲಗಿಸಲು ಸಾವೇ ಬರಬೇಕಾಯಿತು.”

ಇದು ಕನ್ನಡವಾಗಿ ಕಿವಿಗೆ ಬಿದ್ದದ್ದೇ ತಡ, ಅಜ್ಜಿ ತೊಡೆ ತಟ್ಟಿಕೊಂಡು ನಕ್ಕರು. ಇಬ್ಬರು ಮುದುಕಿಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿರುವಾಗ ಲೋಹಿತಾಳಿಗೆ ತನ್ನ ಪಾಡು ನೆನಪಾಯಿತು.

“ಮೇಡಂ, ನಿಮ್ಮ ಪ್ರಶ್ನೆಗೆ ನಾನಿನ್ನೂ ಉತ್ತರ...” ಎಂದು ಸ್ಪ್ಯಾನಿಷಿನಲ್ಲಿ ಶುರುಮಾಡಿದಳು.

ಪಿಲಾರ್ ಕೈಯೆತ್ತಿ ತಡೆದರು. “ನೀನು ಆಗಲೇ ಪಾಸಾದೆ ಹುಡುಗಿ. ಈಗ ದೊಡ್ಡವರು ಮಾತಾಡುತ್ತಿದ್ದೇವೆ, ನಡುವೆ ಬಾಯಿ ಹಾಕಬೇಡ.”

ಲೋಹಿತಾಳ ಕಣ್ಣು ತುಂಬಿಬಂತು. ಅಜ್ಜಿಯ ಭುಜ ಹಿಡಿದು ಅಲ್ಲಾಡಿಸಿದಳು. “ಅಜ್ಜೀ, ನಾನು ಪಾಸಂತೆ!”

“ಅದಿರ್ಲಿ ಬುಡೇ” ಎಂದರು ಚನ್ನಮಲ್ಲಮ್ಮ, ಪರದೆಯಿಂದ ಕಣ್ಣು ಕೀಳದೆ. “ಮಣ್ಣು ಮಾಡ್ವಾಗ ಆ ಟಿ.ವಿ. ರಿಮೋಟು ಜೊತೇಲಿಟ್ರಾ ಇಲ್ವಾ, ಮೊದ್ಲು ಅದನ್ನ ಕೇಳು.”