ಒಳಗೆ ಬಿಟ್ಟ ಎರಡಿಂಚು

ಮಗಳ ಮೈಮೇಲಿದ್ದ ಅರೆಹೊಲಿದ ಕೋಟನ್ನು ಅಳೆಯುವುದು ಬಿಟ್ಟು, ಟೇಲರ್ ಅಪ್ಪ ಟೇಪನ್ನು ಮೇಜಿನ ಮೇಲಿದ್ದ ಪೇಪರಿಗೆ ಹಿಡಿದ. ಯಾವ ಪದವಿ ಓದಿದವರಿಗೆ ಎಷ್ಟು ಕೆಲಸ ಸಿಕ್ಕಿದೆ ಎಂದು ಅದರಲ್ಲಿ ವರ್ಷವರ್ಷವೂ ಕಂಬಗಳ ಚಿತ್ರ ಹಾಕುತ್ತಿದ್ದರು.

"ನೀನು ಕಾಲೇಜು ಸೇರಿದಾಗ ನಿನ್ನ ಭೂಗರ್ಭಶಾಸ್ತ್ರ ಮೂರಿಂಚು ಇತ್ತು ಕಣೇ. ಈಗ ನೋಡು, ಒಂದೂಕಾಲು! ಒಗೆದ ಬಟ್ಟೆನೂ ಇಷ್ಟು ಕುಗ್ಗಲ್ಲ. ನರ್ಸಿಂಗ್ ಮಾತ್ರ ಮೂರೂಮುಕ್ಕಾಲು."

"ಅಪ್ಪಾ, ಅದನ್ನ ಇಂಚಲ್ಲಿ ಅಳೆಯಲ್ಲ. ನೂರು ಜನ ಓದಿದ್ರೆ ಮೂವತ್ತು ಜನಕ್ಕೆ ಕೆಲಸ ಅಂತ ಅರ್ಥ." ನಗಲು ಹೋದವಳ ಮುಖ ಸಪ್ಪಗಾಯಿತು. ನಾಳೆಯ ಇಂಟರ್‌ವ್ಯೂ ಅವಳಿಗೆ ಐದನೆಯದು. "ಹಳೇ ಅಂಗಿನೇ ಸಾಕಿತ್ತು. ಈ ಕೋಟು ಯಾಕೆ ದಂಡಕ್ಕೆ?"

ಅಪ್ಪ ಕೋಟಿನ ಗುಂಡುಸೂಜಿಗಳನ್ನು ಕಿತ್ತು ತುಟಿಗಳ ನಡುವೆ ಇಟ್ಟುಕೊಂಡ. ಕೋಟು ಬಿಚ್ಚುವಾಗ ಪಕ್ಕದ ಹೊಲಿಗೆಯಲ್ಲಿ ಮಡಿಚಿಟ್ಟ ಬಟ್ಟೆ ಅವಳ ಬೆರಳಿಗೆ ದಪ್ಪಗೆ ಸಿಕ್ಕಿತು. ಶಾಲೆಯ ಯೂನಿಫಾರ್ಮಿಗೂ ಅವನು ಹೀಗೇ ಬಿಡುತ್ತಿದ್ದ.

"ಇದೇನಪ್ಪಾ, ಇಷ್ಟೊಂದು ಒಳಗೆ ಬಿಟ್ಟಿದೀಯ? ನಾನೇನು ಇನ್ನೂ ಬೆಳೀತೀನಾ?"

ಅಪ್ಪ ತುಟಿಗಳ ನಡುವಿನ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದ.

"ಕೆಲಸಕ್ಕೆ ಸೇರಿದ ಮೇಲೆ ಎಲ್ಲರೂ ಒಂದು ಸುತ್ತು ದಪ್ಪ ಆಗ್ತಾರೆ, ಮಗಳೇ."