ಒರೆಸಿದ ವಿಭೂತಿ

೨೦೨೫ರ ಜೂನ್ ೨೨ರ ಭಾನುವಾರ, ಹೊಳಲ್ಕೆರೆಯ ಮುರುಗಪ್ಪನವರ ಅಡುಗೆಕಟ್ಟೆಯ ಮೇಲೆ ಹತ್ತೊಂಬತ್ತು ದಿನಗಳಲ್ಲಿ ಮೂರನೆಯ ಹೊಸ ಮಿಕ್ಸಿ ಕುಳಿತಿತ್ತು. ಮೊದಲನೆಯದು ಸುಟ್ಟ ವಾಸನೆ ಬಿಟ್ಟು ನಿಂತಿತ್ತು. ಎರಡನೆಯದರ ಜಾರು ಸೋರುತ್ತಿತ್ತು. ಎರಡನ್ನೂ ಅವರು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ ಚಿತ್ರದುರ್ಗದ ಅಂಗಡಿಗೆ ಮರಳಿಸಿ ಬಂದಿದ್ದರು. ಹೆಂಡತಿ ವೀರಮ್ಮ ಎಂದಿನಂತೆ ವಿಭೂತಿಗಟ್ಟಿ ಹಿಡಿದು ಮುಂದೆ ಬಂದಾಗ ಅವರು ಕೈ ಅಡ್ಡ ಮಾಡಿದರು.

“ಮೊದ್ಲು ತಿರುಗ್ಲಿ. ಆಮೇಲೆ ಹಚ್ಚೀಯಂತೆ.”

“ದೇವ್ರಿಗೂ ಗ್ಯಾರಂಟಿ ಕಾರ್ಡು ಕೇಳಂಗಾದ್ರಲ್ಲ ನೀವು,” ಎನ್ನುತ್ತ ವೀರಮ್ಮ ಶೇಂಗಾ, ಹಸಿಮೆಣಸಿನಕಾಯಿಗಳನ್ನು ಜಾರಿಗೆ ಸುರಿದರು.

ಮುರುಗಪ್ಪನವರು ಜಾರಿನ ಮುಚ್ಚಳ ಒತ್ತಿ ಹಿಡಿದರು. ಪೂಜೆಯಾದ ಮಾಲನ್ನು ಹಿಂಪಡೆಯುವುದಿಲ್ಲವೆಂದು ಅಂಗಡಿಯಲ್ಲಿ ಬೋರ್ಡು ತೂಗುಹಾಕಿದ್ದರು. ಅದಕ್ಕಾಗಿ ಎರಡು ಸಲವೂ ದುರ್ಗದ ಬಸ್ ನಿಲ್ದಾಣದ ನಲ್ಲಿಯ ಬಳಿ ನಿಂತು, ಹೆಂಡತಿ ಮಿಕ್ಸಿಯ ಮೇಲೆ ಎಳೆದಿದ್ದ ಮೂರು ವಿಭೂತಿ ಗೆರೆಗಳನ್ನು ಅವರೇ ಒದ್ದೆ ಕರ್ಚೀಫಿನಿಂದ ಒರೆಸಿದ್ದರು. ಒಂದು ದಿನವೂ ಲಿಂಗಪೂಜೆ ತಪ್ಪಿಸದ ಕೈ ಅದು. ಈ ಸಂಗತಿಯನ್ನು ಅವರು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ.

ಗುಂಡಿ ತಿರುಗಿಸಿದರು. ಮಿಕ್ಸಿ ಗುರ್ರೆಂದಿತು, ನಡುವೆ ನಿಲ್ಲಲಿಲ್ಲ, ಒಂದು ಹನಿಯೂ ಸೋರಲಿಲ್ಲ. ಚಟ್ನಿ ನುಣ್ಣಗಾಯಿತು. ವೀರಮ್ಮ ಕೈ ಚಾಚುವ ಮೊದಲೇ ಮುರುಗಪ್ಪನವರು ವಿಭೂತಿಗಟ್ಟಿಯನ್ನು ಎತ್ತಿಕೊಂಡು, ಅಂಗೈಯ ನೀರಿನಲ್ಲಿ ತೇಯ್ದು, ಮಿಕ್ಸಿಯ ಮೇಲೆ ಮೂರು ಬೆರಳು ಎಳೆದರು. ಅದರ ಕೆಳಗೆ ಇನ್ನೊಮ್ಮೆ ಎಳೆದರು. ಅದರ ಕೆಳಗೆ ಮತ್ತೊಮ್ಮೆ.

“ಇದೇನ್ರಿ, ಒಂಬತ್ತು ಗೆರೆ?”

“ಆರು ಹಳೇ ಬಾಕಿ,” ಎಂದು ಮುರುಗಪ್ಪನವರು ಕೈ ತೊಳೆದು, ಚಟ್ನಿಗೆ ತಟ್ಟೆ ಒಡ್ಡಿದರು.